ಕಾರಿನ ಅಡಿಗೆ ಮಳೆ ಬೀಳುವುದಿಲ್ಲ

ಕಾರವಾರ, ಅಂಕೋಲಾ ತಾಲ್ಲೂಕುಗಳ ರಸ್ತೆಗಳಲ್ಲಿ ಅಂಬಾಸಿಡರ್, ಮಹೀಂದ್ರಾ ಜೀಪು, ಮಾರುತಿ 800, ಓಮ್ನಿ, ಸುಮೋಗಳಂಥ ಹಳೆಯ ಗಾಡಿಗಳು ಇಂದಿಗೂ ಕಾಣಸಿಗುತ್ತವೆ. ಇವುಗಳಲ್ಲಿ ಅಂಬಾಸಿಡರ್ ಮತ್ತು ಮಾರುತಿ 800 ಕಾರ್ಖಾನೆಯಿಂದ ಹೊರಬರುವುದು 2014ರಲ್ಲೇ ನಿಂತಿತು. ಸುಮೋ, ಓಮ್ನಿಗಳೂ 2019ರಲ್ಲಿ ನಿಂತವು. ಇಂಥ ಗಾಡಿಗಳನ್ನು ಇಟ್ಟುಕೊಂಡವರು ಇಂಜಿನ್ ಆಯಿಲನ್ನು ಕಾಲಕಾಲಕ್ಕೆ ಬದಲಿಸುತ್ತಾರೆ, ಬಾಡಿಗೆ ಪಾಲಿಶ್ ಹೊಡೆಸುತ್ತಾರೆ, ಸೀಟಿಗೆ ಹೊಸ ಕವರ್ ಹಾಕಿಸುತ್ತಾರೆ. ಅಡಿಗೆ ಬಗ್ಗಿ ನೋಡುವವರು ಕಡಿಮೆ. ಇಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದು, ಗೇರ್‌ಬಾಕ್ಸ್ ಹೋದರೆ ಇನ್ನೊಂದನ್ನು ಕೂರಿಸಬಹುದು. ಅಡಿಯ ಚೌಕಟ್ಟಾದ ಚಾಸಿ ಕರಗಿದರೆ ಮಾತ್ರ ಗಾಡಿಯ ಕಥೆ ಮುಗಿದಂತೆ. ಕಡಲತೀರದಲ್ಲಿ ಚಾಸಿಯನ್ನು ತಿನ್ನುವುದು ಮಳೆ ಎಂದು ನಾವು ಸಾಮಾನ್ಯವಾಗಿ ನಂಬಿದ್ದೇವೆ. ನಿಜವಾಗಿ ಅದನ್ನು ತಿನ್ನುವುದು ಮಳೆ ತಲುಪದ ಜಾಗದಲ್ಲಿ ಉಳಿದುಕೊಂಡ ಉಪ್ಪು. ಈ ಒಂದು ಮಾತು ಒಪ್ಪಿಗೆಯಾದರೆ ತೊಳೆಯುವುದು, ಗ್ರೀಸ್ ಹೊಡೆಯುವುದು, ತುಕ್ಕು ತಡೆಯುವ ಎಣ್ಣೆ ಹಾಕುವುದು ಇವೆಲ್ಲ ಯಾವಾಗ, ಯಾವ ಕ್ರಮದಲ್ಲಿ ಆಗಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮೊದಲು ಉಪ್ಪಿನ ಲೆಕ್ಕ ನೋಡೋಣ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. 1930ರಲ್ಲಿ ಉಪ್ಪಿನ ಕಾನೂನು ಮುರಿಯಲು ಕರ್ನಾಟಕದ ಸತ್ಯಾಗ್ರಹಿಗಳು ಅಂಕೋಲೆಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ. ಇಲ್ಲಿ ಉಪ್ಪು ಕೈಗೆ ಸಿಗುವ ವಸ್ತು. ಪಕ್ಕದ ಸಾಣಿಕಟ್ಟೆಯ ಆಗರಗಳಲ್ಲಿ ಮಳೆಗಾಲಕ್ಕೆ ಮುಂಚಿನ ಬಿಸಿಲಿನ ತಿಂಗಳುಗಳಲ್ಲಿ ಉಪ್ಪು ತೆಗೆಯುತ್ತಾರೆ. ಅದೇ ತಿಂಗಳುಗಳಲ್ಲಿ ನಮ್ಮ ಗಾಡಿಗಳ ಅಡಿಯಲ್ಲೂ ಉಪ್ಪು ಒಣಗಿ ಕೂರುತ್ತದೆ. ಅಲೆ ಒಡೆದಾಗ ಏಳುವ ಸಣ್ಣ ಹನಿಗಳನ್ನು ಗಾಳಿ ಒಳನಾಡಿನ ಕಡೆ ಹೊತ್ತು ತರುತ್ತದೆ. ಕಾರವಾರ ಪಟ್ಟಣದಲ್ಲಿ ರಾಷ್ಟ್ರೀಯ ಹೆದ್ದಾರಿ 66 ಕಡಲತೀರಕ್ಕೆ ಅಂಟಿಕೊಂಡೇ ಸಾಗುತ್ತದೆ. ಕಾಳಿ, ಗಂಗಾವಳಿ ನದಿಗಳು ಕಡಲು ಸೇರುವಲ್ಲಿ ಭರತದ ಹೊತ್ತಿಗೆ ಉಪ್ಪುನೀರು ಒಳಗಿನವರೆಗೂ ಏರುತ್ತದೆ. ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಬದಿಯ ರಸ್ತೆಗಳಲ್ಲಿ ಮಣ್ಣೇ ಉಪ್ಪು. ಇನ್ನೊಂದು ಮೂಲ ನಮ್ಮ ಮೀನಿನ ಗಾಡಿಗಳು. ಐಸ್ ಕರಗಿ ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರು ರಸ್ತೆಯ ಮೇಲೆ ಬೀಳುತ್ತದೆ. ಹಿಂದಿನಿಂದ ಬರುವ ಕಾರಿನ ಚಕ್ರ ಅದನ್ನು ತನ್ನದೇ ಅಡಿಗೆ ಎರಚಿಕೊಳ್ಳುತ್ತದೆ. ಸಮುದ್ರಕ್ಕೆ ಹತ್ತಿರವಾದಷ್ಟೂ ಹಾನಿ ಎಷ್ಟು ಏರುತ್ತದೆ ಎಂಬುದಕ್ಕೆ ಅಮೆರಿಕದ ನಾರ್ತ್ ಕೆರೊಲಿನಾದ ಕ್ಯೂರೆ ಬೀಚ್‌ನಲ್ಲಿ ನಡೆದ ಪರೀಕ್ಷೆಗಳು ಪ್ರಸಿದ್ಧ. ಕಡಲಿನಿಂದ 80 ಅಡಿ ದೂರದಲ್ಲಿಟ್ಟ ಉಕ್ಕಿನ ತುಂಡುಗಳು 800 ಅಡಿ ದೂರದಲ್ಲಿಟ್ಟ ತುಂಡುಗಳಿಗಿಂತ ಹಲವು ಪಟ್ಟು ಬೇಗ ಸವೆದವು.

ಉಪ್ಪು ತಾನೇ ಕಬ್ಬಿಣವನ್ನು ತಿನ್ನುವುದಿಲ್ಲ. ತುಕ್ಕಿಗೆ ಬೇಕಾದದ್ದು ನೀರು ಮತ್ತು ಆಮ್ಲಜನಕ. ಉಪ್ಪು ಬಂದಾಗ ಆ ನೀರಿನಲ್ಲಿ ವಿದ್ಯುತ್ ಸಲೀಸಾಗಿ ಹರಿಯುತ್ತದೆ, ಕಬ್ಬಿಣದ ಮೇಲಿನ ತೆಳು ರಕ್ಷಾಪದರ ಒಡೆಯುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಗುಣವಿದೆ: ಉಪ್ಪು ಗಾಳಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಆಷಾಢದಲ್ಲಿ ಮುಚ್ಚಿಟ್ಟ ಭರಣಿಯಲ್ಲೂ ಹರಳುಪ್ಪು ನೀರೊಡೆಯುವುದನ್ನು ನಮ್ಮ ಮನೆಗಳಲ್ಲಿ ಎಲ್ಲರೂ ಬಲ್ಲರು. ಚಾಸಿಯ ಮೂಲೆಯಲ್ಲಿ ಕೂತ ಉಪ್ಪೂ ಹಾಗೆಯೇ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇಕಡಾ 75 ದಾಟಿದರೆ ನೀರಾಗುತ್ತದೆ. ಕಡಲ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಶೇಕಡಾ 33 ಸಾಕು. ಅಂದರೆ ಕಾರವಾರದಂಥ ಊರಿನಲ್ಲಿ, ಮಳೆಯಿಲ್ಲದ ಜನವರಿಯ ರಾತ್ರಿಯಲ್ಲೂ, ಶೆಡ್ಡಿನೊಳಗೆ ನಿಂತ ಕಾರಿನ ಅಡಿ ಒದ್ದೆಯಾಗಿಯೇ ಇರಬಹುದು. ಇಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಆ ಮಳೆ ಕಾರಿನ ಛಾವಣಿ, ಬಾನೆಟ್ಟು, ಬಾಗಿಲುಗಳ ಉಪ್ಪನ್ನು ತೊಳೆದುಹಾಕುತ್ತದೆ. ಅಡಿಯ ಉಪ್ಪನ್ನು ತೊಳೆಯುವುದಿಲ್ಲ. ಕಡಲತೀರದಲ್ಲಿ ಮಳೆಗೆ ತೆರೆದುಕೊಂಡ ಉಕ್ಕಿಗಿಂತ ಮಾಡಿನ ಅಡಿಯಲ್ಲಿ ಮರೆಯಾದ ಉಕ್ಕು ಬೇಗ ಹಾಳಾಗುತ್ತದೆ ಎಂಬುದು ಲೋಹ ಸವೆತವನ್ನು ಅಭ್ಯಾಸ ಮಾಡುವವರಿಗೆಲ್ಲ ಗೊತ್ತಿರುವ ಸಂಗತಿ. ಕಾರಿನ ಚಾಸಿ ಎಂದರೆ ಇಂಥ ಮರೆಯ ಉಕ್ಕೇ.

ಸವೆತದ ವೇಗ ಎಷ್ಟಿರಬಹುದು? ವಾತಾವರಣದ ಸವೆತವನ್ನು ಅಳೆಯುವ ಐಎಸ್‌ಒ 9223 ಎಂಬ ಅಂತರರಾಷ್ಟ್ರೀಯ ಮಾನದಂಡವಿದೆ. ಅದರಲ್ಲಿ ಸಿ5 ಎಂಬ ತೀವ್ರ ವರ್ಗದ ಹವೆಯಲ್ಲಿ ಬಣ್ಣವಿಲ್ಲದ ಸಾಧಾರಣ ಉಕ್ಕು ಮೊದಲ ವರ್ಷವೇ 80ರಿಂದ 200 ಮೈಕ್ರಾನ್ ಸವೆಯುತ್ತದೆ. ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್. ಕಾರಿನ ತಗಡಿನ ದಪ್ಪ ಒಂದು ಮಿಲಿಮೀಟರಿಗೂ ಕಡಿಮೆ. ತಮಿಳುನಾಡಿನ ಕಾರೈಕುಡಿಯ ಕೇಂದ್ರೀಯ ವಿದ್ಯುತ್‌ರಾಸಾಯನಿಕ ಸಂಶೋಧನಾ ಸಂಸ್ಥೆ ದೇಶದ ಸವೆತ ನಕ್ಷೆಯನ್ನೇ ತಯಾರಿಸಿದೆ. ಕರಾವಳಿಗೂ ಒಳನಾಡಿಗೂ ಇರುವ ಅಂತರವನ್ನು ಅದರಲ್ಲಿ ನೋಡಬಹುದು. ಜೀಪು, ಸುಮೋಗಳಿಗೆ ಏಣಿಯಂಥ ಪ್ರತ್ಯೇಕ ಚಾಸಿ ಇರುವುದರಿಂದ ಲೋಹ ದಪ್ಪ, ಅಪಾಯ ನಿಧಾನ. ಮಾರುತಿ 800, ಓಮ್ನಿಗಳಲ್ಲಿ ಬಾಡಿಯ ತಗಡನ್ನೇ ಮಡಿಸಿ ಬೆಸೆದು ಪೆಟ್ಟಿಗೆಯಂತೆ ಮಾಡಿರುವುದರಿಂದ ಅಪಾಯ ಹೆಚ್ಚು. ಎರಡರಲ್ಲೂ ತುಕ್ಕು ಶುರುವಾಗುವ ಜಾಗ ಒಂದೇ ಬಗೆಯದು: ಎರಡು ತಗಡು ಕೂಡುವ ಸಂದು, ಮೆಂಬರು ಎನ್ನುವ ಪೆಟ್ಟಿಗೆಯಂಥ ತೊಲೆಯ ಒಳಮೈ, ಬಾಗಿಲ ಕೆಳಗಿನ ಸಿಲ್ಲು, ಸ್ಪ್ರಿಂಗ್ ಪಟ್ಟಾ ಕೂರುವ ಶೆಕಲ್ಲಿನ ಬುಡ, ಬ್ಯಾಟರಿಯ ತಟ್ಟೆಯ ಕೆಳಭಾಗ, ಚಕ್ರದ ಮೇಲ್ಗವಚದ ಅಂಚು. ನೀರು ಇಳಿದುಹೋಗಲೆಂದು ಕಾರ್ಖಾನೆಯವರು ಬಿಟ್ಟ ತೂತುಗಳು ಕೆಸರಿನಿಂದ ಮುಚ್ಚಿಹೋದಾಗ ಈ ಜಾಗಗಳಲ್ಲಿ ಉಪ್ಪುಮಣ್ಣು ವರ್ಷವಿಡೀ ಒದ್ದೆಯಾಗಿ ಉಳಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಉಬ್ಬಿ ಸಂದನ್ನು ಅಗಲಿಸುತ್ತದೆ, ಅಗಲವಾದ ಸಂದಿಗೆ ಮತ್ತಷ್ಟು ನೀರು ನುಗ್ಗುತ್ತದೆ.

ಇದಕ್ಕೆ ಒಂದು ಆಕ್ಷೇಪ ಬರುತ್ತದೆ. ‘ಹಿಂದಿನ ಕಾಲದ ಕಬ್ಬಿಣವೇ ಬೇರೆ, ಈ ಗಾಡಿಗಳು ಮೂವತ್ತು ವರ್ಷ ಬಾಳಿದ್ದೇ ಅದಕ್ಕೆ ಸಾಕ್ಷಿ’ ಎನ್ನುತ್ತಾರೆ. ಆದರೆ ಇಂದು ನಮ್ಮ ಕಣ್ಣಿಗೆ ಬೀಳುವುದು ಉಳಿದ ಗಾಡಿಗಳು ಮಾತ್ರ. ಕರಗಿ ಗುಜರಿಗೆ ಹೋದವು ಸಾಕ್ಷಿ ಹೇಳಲು ಬರುವುದಿಲ್ಲ. ಹಳೆಯ ಕಬ್ಬಿಣದ ಹಿರಿಮೆಗೆ ಕೊಡಚಾದ್ರಿಯ ಮೂಕಾಂಬಿಕೆಯ ಗುಡಿಯ ಮುಂದಿನ ಕಬ್ಬಿಣದ ಕಂಬವನ್ನು ಉದಾಹರಿಸುವವರೂ ಇದ್ದಾರೆ. ಕರಾವಳಿಯ ಗಾಳಿ, ಘಟ್ಟದ ಜಡಿಮಳೆ ಎರಡನ್ನೂ ತಡೆದು ನಿಂತ ಆ ಕಂಬವನ್ನು ಲೋಹಶಾಸ್ತ್ರಜ್ಞರು ಅಭ್ಯಾಸ ಮಾಡಿದ್ದಾರೆ. ಅದು ಕುಲುಮೆಯಲ್ಲಿ ಬಡಿದು ಮಾಡಿದ ಗಟ್ಟಿ ಕಬ್ಬಿಣ. ನಮ್ಮ ಕಾರುಗಳ ತಗಡಾದರೋ ಕಾರ್ಖಾನೆಯಲ್ಲಿ ತೆಳುವಾಗಿ ಉರುಳಿಸಿದ ಮೆದು ಉಕ್ಕು. ಎರಡಕ್ಕೂ ಹೋಲಿಕೆಯೇ ಇಲ್ಲ. ಜೊತೆಗೆ, ಬಯಲಿನಲ್ಲಿ ನಿಂತ ಕಂಬವನ್ನು ಮಳೆ ಸುತ್ತಲೂ ತೊಳೆಯುತ್ತದೆ, ಗಾಳಿ ಒಣಗಿಸುತ್ತದೆ. ಅದರಲ್ಲಿ ಉಪ್ಪು ಅಡಗಿ ಕೂರಲು ಸಂದಿಲ್ಲ, ಮಡಿಕೆಯಿಲ್ಲ. ಆ ಕಂಬದಿಂದ ಕಲಿಯಬೇಕಾದ ಪಾಠವಿದ್ದರೆ ಅದು ಇದೇ: ಉಪ್ಪು ನಿಲ್ಲದ ಕಡೆ ಕಬ್ಬಿಣ ಬಾಳುತ್ತದೆ.

ಈಗ ಗ್ರೀಸಿನ ವಿಚಾರ. ಗ್ರೀಸ್ ಇರುವುದು ತಿಕ್ಕಾಟದ ಸವೆತ ತಡೆಯಲು, ತುಕ್ಕಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಬಹಳ ಮಂದಿ ತಿಳಿದಿದ್ದಾರೆ. ಅದು ಪೂರ್ತಿ ನಿಜವಲ್ಲ. ಹಳೆಯ ಅಂಬಾಸಿಡರ್, ಜೀಪುಗಳಲ್ಲಿ ಮುಂಚಕ್ರದ ಜೋಡಣೆ, ಸ್ಟೀರಿಂಗ್ ಕೀಲು, ಪಟ್ಟಾದ ಶೆಕಲ್ಲು, ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ ಇವುಗಳಿಗೆಲ್ಲ ಗ್ರೀಸ್ ನಿಪ್ಪಲ್ಲುಗಳಿವೆ. ಗ್ರೀಸ್ ಗನ್ನಿನಿಂದ ಹೊಸ ಗ್ರೀಸ್ ತುಂಬಿದಾಗ ಅದು ಮಾಡುವ ಮೊದಲ ಕೆಲಸ, ಒಳಗಿದ್ದ ಹಳೆಯ ಗ್ರೀಸನ್ನೂ ಅದರಲ್ಲಿ ಬೆರೆತ ಉಪ್ಪುನೀರು, ಮರಳನ್ನೂ ಹೊರಗೆ ದೂಡುವುದು. ಆದ್ದರಿಂದಲೇ ನಾಲ್ಕು ಪಂಪು ಹೊಡೆದು ಬಿಟ್ಟರೆ ಸಾಲದು. ಅಂಚಿನಲ್ಲಿ ಸ್ವಚ್ಛವಾದ ಹೊಸ ಗ್ರೀಸ್ ಕಾಣಿಸುವವರೆಗೆ ಹೊಡೆಯಬೇಕು. ನಿಪ್ಪಲ್ ಕಟ್ಟಿಕೊಂಡಿದ್ದರೆ ಬಿಚ್ಚಿ ಹೊಸದು ಹಾಕಬೇಕು. ಗ್ರೀಸಿನ ಜಾತಿಯೂ ಮುಖ್ಯ. ಅಗ್ಗದ ಕ್ಯಾಲ್ಸಿಯಂ ಗ್ರೀಸು ನೀರನ್ನು ಚೆನ್ನಾಗಿ ತಡೆಯುತ್ತದೆ, ಬಿಸಿಯನ್ನು ತಡೆಯುವುದಿಲ್ಲ; ಶೆಕಲ್ಲಿಗೆ ಅದು ಆದೀತು, ಚಕ್ರದ ಬೇರಿಂಗಿಗೆ ಸಲ್ಲದು. ಬೇರಿಂಗಿಗೆ ಲಿಥಿಯಂ ಗ್ರೀಸ್ ಬೇಕು. ಎರಡನ್ನೂ ಒಂದೇ ಜಾಗದಲ್ಲಿ ಬೆರೆಸಿದರೆ ಕೆಲವೊಮ್ಮೆ ತೆಳುವಾಗಿ ಹರಿದುಹೋಗುತ್ತವೆ. ಉಪ್ಪುನೀರಿನ ಹಾವಳಿ ಹೆಚ್ಚಿರುವ ಕಡೆಗೆ ಕ್ಯಾಲ್ಸಿಯಂ ಸಲ್ಫೊನೇಟ್ ಗ್ರೀಸ್ ದುಬಾರಿಯಾದರೂ ಗಟ್ಟಿ. ರಬ್ಬರ್ ಬುಶ್ಶುಗಳಿಗೆ ಮಾತ್ರ ಇವು ಯಾವುವೂ ಬೇಡ. ಖನಿಜ ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ‘ಈಗಿನ ಕಾರುಗಳಿಗೆ ನಿಪ್ಪಲ್ಲೇ ಇಲ್ಲವಲ್ಲ’ ಎನ್ನುವವರಿಗೆ ಉತ್ತರ ಸರಳ: ಅಲ್ಲಿ ಗ್ರೀಸನ್ನು ಕಾಪಾಡುವುದು ರಬ್ಬರ್ ಬೂಟು. ಅದು ಹರಿದಿದೆಯೇ ಎಂದು ನೋಡುವುದೇ ಅವುಗಳ ಪಾಲಿನ ಗ್ರೀಸಿಂಗ್.

ಉಪ್ಪೇ ಮೂಲ ಎಂದಮೇಲೆ ಕೆಲಸದ ಕ್ರಮವೂ ನಿಶ್ಚಯವಾಗುತ್ತದೆ. ಮೊದಲು ತೊಳೆಯುವುದು, ಆಮೇಲೆ ಒಣಗಿಸುವುದು, ಬಳಿಕ ಗ್ರೀಸು, ಕೊನೆಯಲ್ಲಿ ಎಣ್ಣೆ ಅಥವಾ ಮೇಣ. ವಾಟರ್ ಸರ್ವಿಸ್ ಎಂದರೆ ಬಾಡಿಗೆ ನೊರೆ ಹಚ್ಚಿ ತೊಳೆಯುವುದೆಂದೇ ರೂಢಿಯಾಗಿದೆ. ಲಿಫ್ಟ್ ಅಥವಾ ಹೊಂಡದ ಮೇಲೆ ಗಾಡಿ ನಿಲ್ಲಿಸಿ, ಮಣ್ಣು ಕೆರೆದು, ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಮೆಂಬರಿನ ಒಳಕ್ಕೂ ನೀರು ಹಾಯಿಸಿದರೆ ಮಾತ್ರ ಅದು ಅಡಿಯ ಸರ್ವಿಸ್. ಒತ್ತಡದ ನೀರು ಸೀಲುಗಳನ್ನು ದಾಟಿ ಕ್ರಾಸ್, ಕೀಲುಗಳ ಒಳಗೆ ನುಗ್ಗುವ ಸಂಭವವಿರುವುದರಿಂದಲೇ ಗ್ರೀಸಿಂಗ್ ತೊಳೆದ ನಂತರ ಆಗಬೇಕು, ಮೊದಲಲ್ಲ. ಇಲ್ಲಿ ನಮ್ಮ ಕಡೆಯ ಒಂದು ವಿಶೇಷ ಎಚ್ಚರಿಕೆ ಬೇಕು. ಹಿನ್ನೀರಿನ ಅಂಚಿನಲ್ಲಿರುವ ಬಾವಿಗಳ ನೀರು ಬೇಸಿಗೆಯಲ್ಲಿ ಸವಳಾಗುತ್ತದೆ. ಅಂಥ ನೀರಿನಿಂದ ತೊಳೆದರೆ ಉಪ್ಪು ತೆಗೆಯಲು ಹೋಗಿ ಉಪ್ಪು ಹಚ್ಚಿದಂತಾಗುತ್ತದೆ. ಕುಡಿಯಲು ಸಿಹಿಯೆನಿಸುವ ನೀರೇ ಗಾಡಿಯ ಅಡಿಗೂ ಬೇಕು. ತೊಳೆದ ಮೇಲೆ ಬಿಸಿಲಿನಲ್ಲಿ ಒಂದೆರಡು ದಿನ ನಿಲ್ಲಿಸಿ ಪೂರ್ತಿ ಒಣಗಿಸುವ ತಾಳ್ಮೆ ಇಲ್ಲದಿದ್ದರೆ ಮುಂದಿನ ಕೆಲಸಕ್ಕೆ ಕೈಹಾಕದಿರುವುದೇ ಲೇಸು.

ತುಕ್ಕು ತಡೆಯಲೆಂದು ನಾವು ಮಾಡಿಸುವ ಅತಿ ಜನಪ್ರಿಯ ಕೆಲಸ ಕಪ್ಪು ಅಂಡರ್‌ಕೋಟಿಂಗ್. ಹೊಸ, ಶುಚಿಯಾದ ಲೋಹದ ಮೇಲೆ ಅದು ಒಳ್ಳೆಯ ಕವಚ, ಕಲ್ಲೇಟನ್ನೂ ತಡೆಯುತ್ತದೆ. ಹಳೆಯ ಗಾಡಿಯಲ್ಲಿ, ತುಕ್ಕಿನ ಪೊರೆಯ ಮೇಲೆ, ಉಪ್ಪನ್ನು ತೆಗೆಯದೆ ಬಳಿದಾಗ ಅದೇ ಕವಚ ಶತ್ರುವಿಗೆ ಮರೆಯಾಗುತ್ತದೆ. ಟಾರಿನಂಥ ಗಟ್ಟಿ ಪದರ ಕಾಲಕ್ರಮದಲ್ಲಿ ಬಿರಿಯುತ್ತದೆ. ಬಿರುಕಿನಿಂದ ಹೋದ ನೀರು ಹೊರಬರುವುದಿಲ್ಲ. ಮೇಲೆ ಕಪ್ಪಾಗಿ ಚೆನ್ನಾಗಿ ಕಾಣುವ ಮೆಂಬರು ಒಳಗೊಳಗೇ ಕಾಗದವಾಗುತ್ತದೆ. ಆದ್ದರಿಂದ ಹಳೆಯ ಚಾಸಿಗೆ ಒಣಗಿ ಗಟ್ಟಿಯಾಗದ, ಸಂದಿಗೆ ಹರಿದುಹೋಗುವ ಎಣ್ಣೆ ಅಥವಾ ಮೇಣದಂಥ ದ್ರವ್ಯಗಳು ಹೆಚ್ಚು ಹೊಂದುತ್ತವೆ. ಕುರಿ ಉಣ್ಣೆಯಿಂದ ತೆಗೆಯುವ ಲ್ಯಾನೊಲಿನ್ ಬೆರೆತ ಎಣ್ಣೆಗಳು, ಪೆಟ್ಟಿಗೆ ಮೆಂಬರಿನ ಒಳಗೆ ಉದ್ದ ನಳಿಗೆಯಿಂದ ಸಿಂಪಡಿಸುವ ಕ್ಯಾವಿಟಿ ವ್ಯಾಕ್ಸ್ ಈ ಗುಂಪಿಗೆ ಸೇರುತ್ತವೆ. ಎಣ್ಣೆ ತುಕ್ಕನ್ನು ತಡೆಯುತ್ತದೆ ಎಂಬ ಅರಿವು ಕಡಲಿನ ಜನರಿಗೆ ಹಳೆಯದು. ತುಕ್ಕು ಹಿಡಿದ ಹಡಗಿನ ಅಟ್ಟದ ಮೇಲೆ ಮೀನೆಣ್ಣೆ ಚೆಲ್ಲಿದ ಕಡೆ ತುಕ್ಕು ಹಬ್ಬದಿರುವುದನ್ನು ಗಮನಿಸಿದ ರಾಬರ್ಟ್ ಫರ್ಗುಸನ್ ಎಂಬ ಹಡಗಿನ ಕಪ್ತಾನ ಆ ಅನುಭವದಿಂದಲೇ 1921ರಲ್ಲಿ ಅಮೆರಿಕದಲ್ಲಿ ರಸ್ಟ್-ಓಲಿಯಂ ಎಂಬ ಬಣ್ಣದ ಕಂಪನಿ ಕಟ್ಟಿದ. ಈ ದ್ರವ್ಯಗಳಿಗೆ ಒಂದು ಕೊರತೆಯಿದೆ, ಅದನ್ನು ಮುಚ್ಚಿಡಬೇಕಿಲ್ಲ: ಅವು ತೊಳೆದುಹೋಗುತ್ತವೆ, ವರ್ಷ ವರ್ಷ ಮತ್ತೆ ಹಾಕಬೇಕು. ಆದರೆ ವರ್ಷಕ್ಕೊಮ್ಮೆ ಹಾಕುವಾಗ ವರ್ಷಕ್ಕೊಮ್ಮೆ ಅಡಿಯನ್ನು ನೋಡಿದಂತೆಯೂ ಆಗುತ್ತದೆ.

ಇಷ್ಟು ಹೇಳಿದಾಗ ಬರುವ ಮರುಮಾತು, ‘ಹಾಗಾದರೆ ಗ್ಯಾರೇಜಿನಲ್ಲಿ ಪುಕ್ಕಟೆ ಸಿಗುವ ವೇಸ್ಟ್ ಆಯಿಲ್ ಹೊಡೆದರಾಯಿತಲ್ಲ?’ ಇದು ಸಂಪೂರ್ಣ ಸುಳ್ಳು ನಂಬಿಕೆಯಲ್ಲ. ಅದೂ ಎಣ್ಣೆಯೇ, ಸಂದಿಗೆ ಹೋಗುತ್ತದೆ, ಒಂದಿಷ್ಟು ಕಾಲ ನೀರನ್ನು ದೂರವಿಡುತ್ತದೆ. ಆದರೆ ಇಂಜಿನ್ನಿನಲ್ಲಿ ಕಾದು ಬಂದ ಆ ಆಯಿಲಿನಲ್ಲಿ ಆಮ್ಲ, ಮಸಿ, ನೀರು, ಲೋಹದ ಪುಡಿ ಎಲ್ಲವೂ ಇರುತ್ತವೆ. ರಬ್ಬರ್ ಬುಶ್ಶು, ಪೈಪುಗಳಿಗೆ ಅದು ಹಾನಿ. ಬ್ರೇಕ್ ಡ್ರಮ್ಮಿಗೆ ತಾಗಿದರೆ ಗಾಡಿ ನಿಲ್ಲುವುದಿಲ್ಲ, ಸೈಲೆನ್ಸರಿಗೆ ತಾಗಿದರೆ ಹೊಗೆ, ಬೆಂಕಿಯ ಭಯ. ಕೈಗೆ ಪದೇ ಪದೇ ಅಂಟಿಸಿಕೊಳ್ಳುವ ಗ್ಯಾರೇಜಿನ ಹುಡುಗರ ಚರ್ಮಕ್ಕೂ ಅದು ಒಳ್ಳೆಯದಲ್ಲ. ಎಲ್ಲಕ್ಕಿಂತ ದೊಡ್ಡ ಮಾತು ನೀರಿನದು. ಮರಳು ಮತ್ತು ಚಿರೆಕಲ್ಲಿನ ನಮ್ಮ ನೆಲದಲ್ಲಿ ಅಂಗಳಕ್ಕೆ ಬಿದ್ದದ್ದು ಮನೆಯ ಬಾವಿಗೆ ಇಳಿಯಲು ಹೆಚ್ಚು ದಿನ ಬೇಡ. ಬಳಸಿದ ಆಯಿಲನ್ನು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳು ಅಪಾಯಕಾರಿ ತ್ಯಾಜ್ಯವೆಂದೇ ಪರಿಗಣಿಸುತ್ತವೆ. ಒಂದು ಗಾಡಿ ಉಳಿಸಲು ಒಂದು ಬಾವಿ ಕೆಡಿಸುವುದು ಲಾಭದ ವ್ಯಾಪಾರವಲ್ಲ. ಇನ್ನು ಹಡಗು, ಬೋಟುಗಳ ಅಡಿಗೆ ಸತುವಿನ ತುಂಡು ಕಟ್ಟುವುದನ್ನು ಬಂದರಿನಲ್ಲಿ ನೋಡಿದವರು ಕಾರಿಗೂ ಹಾಗೇ ಕಟ್ಟಬಾರದೇ ಎಂದು ಕೇಳುವುದುಂಟು. ಹಡಗಿನ ಅಡಿ ಸದಾ ಉಪ್ಪುನೀರಿನಲ್ಲಿ ಮುಳುಗಿರುವುದರಿಂದ ಆ ನೀರಿನ ಮೂಲಕ ಸತು ತಾನು ಕರಗಿ ಉಕ್ಕನ್ನು ಕಾಯುತ್ತದೆ. ಗಾಳಿಯಲ್ಲಿ ಓಡುವ ಕಾರಿಗೆ ಆ ದಾರಿಯಿಲ್ಲ. ಅಲ್ಲಿ ಸತುವಿನ ತುಂಡು ತಾನಿದ್ದ ಜಾಗದ ಸುತ್ತ ಬಿಟ್ಟರೆ ಬೇರೆಲ್ಲೂ ಕೆಲಸ ಮಾಡದು.

ಕೊನೆಯ ಆಕ್ಷೇಪ ಹಣದ್ದು: ‘ಹೇಗೂ ಸರ್ಕಾರ ಹಳೆಯ ಗಾಡಿಗಳನ್ನು ಗುಜರಿಗೆ ಕಳಿಸುತ್ತಿದೆ, ಖರ್ಚು ಯಾಕೆ?’ ನಿಜ, ಖಾಸಗಿ ಕಾರಿನ ನೋಂದಣಿಗೆ 15 ವರ್ಷದ ಅವಧಿ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಈ ನವೀಕರಣದ ಶುಲ್ಕ 600 ರೂಪಾಯಿಯಿಂದ 5000ಕ್ಕೆ ಏರಿತು. ಆದರೆ ನವೀಕರಣಕ್ಕೆ ಹೋದ ಗಾಡಿ ಓಡಲು ಯೋಗ್ಯವೇ ಎಂಬ ತಪಾಸಣೆಯಲ್ಲಿ ಮುಖ್ಯವಾಗಿ ಬರುವುದೇ ಈ ಅಡಿಭಾಗ, ಬ್ರೇಕು, ಸ್ಟೀರಿಂಗು. ಗಾಡಿಯ ಗುರುತೂ ಅಲ್ಲೇ ಇದೆ: ಚಾಸಿ ನಂಬರನ್ನು ಒತ್ತಿರುವುದು ಲೋಹದ ಮೇಲೆ. ಆ ಲೋಹ ತುಕ್ಕಿನಿಂದ ಉದುರಿದರೆ ಕಾಗದದಲ್ಲಿರುವ ಗಾಡಿ ಯಾವುದು, ಕಣ್ಣೆದುರಿನ ಗಾಡಿ ಯಾವುದು ಎಂದು ಸಾಬೀತು ಮಾಡುವುದೇ ಕಷ್ಟ. ಖರ್ಚಿನ ಮಾತಿಗಿಂತ ಮೇಲಿನದು ಜೀವದ ಮಾತು. ಬ್ರೇಕ್ ಆಯಿಲ್ ಹರಿಯುವ ಸಣ್ಣ ಉಕ್ಕಿನ ಕೊಳವೆಗಳು ಚಾಸಿಯ ಗುಂಟವೇ ಸಾಗುತ್ತವೆ. ಅವು ಹೊರಗಿನಿಂದ ಉಪ್ಪಿಗೆ ಸವೆಯುತ್ತವೆ. ಬ್ರೇಕ್ ಆಯಿಲ್ ತಾನೂ ನೀರನ್ನು ಹೀರಿಕೊಳ್ಳುವ ಗುಣದ್ದಾದ್ದರಿಂದ ಒಳಗಿನಿಂದಲೂ ಸವೆಯುತ್ತವೆ. ಹುಬ್ಬಳ್ಳಿಯಿಂದ ಅಂಕೋಲೆಗೆ ಬರುವಾಗ ಅರಬೈಲ್ ಘಟ್ಟದ ಇಳಿಜಾರು ತಿರುವುಗಳಲ್ಲಿ ಲಾರಿಗಳ ಹಿಂದೆ ಬ್ರೇಕ್ ಒತ್ತಿದಾಗ ಆ ಕೊಳವೆ ಒಡೆದರೆ ಉಳಿಸಿದ ಹಣದ ಲೆಕ್ಕ ಯಾರೂ ಕೇಳುವುದಿಲ್ಲ. ಚಾಸಿ ಈಗಾಗಲೇ ಸುತ್ತಿಗೆಯ ಮೆಲು ಹೊಡೆತಕ್ಕೆ ತೂತು ಬೀಳುವಷ್ಟು ಕರಗಿದ್ದರೆ ಎಣ್ಣೆ, ಬಣ್ಣ ಯಾವುದೂ ಬೇಡ. ತಗಡು ಬೆಸೆದು ಮುಚ್ಚುವ ಟಿಂಕರಿಂಗ್ ಕೂಡ ಬೇಡ. ಅಂಥ ಗಾಡಿಗೆ ಗುಜರಿಯೇ ಸರಿ. ಇಲ್ಲಿ ಹೇಳಿದ್ದೆಲ್ಲ ಇನ್ನೂ ಗಟ್ಟಿಯಿರುವ ಗಾಡಿಗಳಿಗೆ.

ಹಾಗಾದರೆ ಯಾವಾಗ? ವರ್ಷಕ್ಕೆ ಎರಡು ಸಲ. ಮೊದಲನೆಯದು ಮೇ ತಿಂಗಳಲ್ಲಿ, ರೋಹಿಣಿ ಮಳೆ ಬೀಳುವ ಮುನ್ನ. ಬೇಸಿಗೆಯಿಡೀ ಕೂತ ಉಪ್ಪನ್ನು ತೊಳೆದು, ಬಿಸಿಲಿನಲ್ಲಿ ಒಣಗಿಸಿ, ಗ್ರೀಸ್ ಹೊಡೆಸಿ, ಮೆಂಬರಿನ ಒಳಗೂ ಹೊರಗೂ ಎಣ್ಣೆ ಅಥವಾ ಮೇಣ ಹಾಕಿಸಿಕೊಳ್ಳಬೇಕು. ಎರಡನೆಯದು ಮಳೆ ಇಳಿದ ಮೇಲೆ, ಆಯುಧ ಪೂಜೆಯ ಹೊತ್ತಿಗೆ. ಆ ದಿನ ಗಾಡಿಗೆ ಹೇಗೂ ಸ್ನಾನವಾಗುತ್ತದೆ. ಅದು ಅಡಿಗೂ ಆಗಲಿ, ತೂತುಗಳ ಕೆಸರು ಹೋಗಲಿ, ನಿಪ್ಪಲ್ಲುಗಳಿಗೆ ಹೊಸ ಗ್ರೀಸ್ ಬೀಳಲಿ. ಸ್ವತಃ ಮಾಡಿಕೊಳ್ಳುವವರು ಬರೀ ಜಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಎಂದೂ ತೂರಬೇಡಿ. ಗಟ್ಟಿ ಸ್ಟ್ಯಾಂಡ್ ಕೊಡಿ. ಕಾರವಾರ, ಅಂಕೋಲೆಗಳ ಸರ್ವಿಸ್ ಸ್ಟೇಷನ್ನಿನವರಲ್ಲಿ ನನ್ನ ವಿನಂತಿ: ಕಪ್ಪು ಬಳಿಯುವ ಮೊದಲು ಉಪ್ಪು ತೊಳೆಯುವುದನ್ನು, ಮೆಂಬರಿನ ಒಳಕ್ಕೆ ನಳಿಗೆ ಹಾಕಿ ಸಿಂಪಡಿಸುವುದನ್ನು ನಿಮ್ಮ ದರಪಟ್ಟಿಯಲ್ಲಿ ಸೇರಿಸಿ. ಗಾಡಿಯವರಲ್ಲಿ ವಿನಂತಿ: ಮುಂದಿನ ಸಲ ಗಾಡಿ ಸರ್ವಿಸಿಗೆ ಕೊಟ್ಟಾಗ ಬಿಲ್ ಕಟ್ಟುವ ಮುನ್ನ ಅದನ್ನು ಲಿಫ್ಟಿನ ಮೇಲೆ ಏರಿಸಿ ಅಡಿ ತೋರಿಸಲು ಹೇಳಿ, ಟಾರ್ಚ್ ಹಿಡಿದು ನೀವೇ ನೋಡಿ.